ಹಿಂದಿನ ಸಾಲು

೨೦೨೪ ನವೆಂಬರ್ ೨೪, ಭಾನುವಾರ. ಭದ್ರಾವತಿಯಲ್ಲಿ ಬೆಳಗಿನ ಜಾವದಿಂದ ಮಂಜು. ಸೇತುವೆಯ ಮೇಲೆ ನಿಂತರೆ ಆಚೆಯ ತುದಿ ಕಾಣುತ್ತಿರಲಿಲ್ಲ. ಏಳೂವರೆಗೆ ಮಂಜು ಹರಿದು ಒಣ ಬಿಸಿಲು ಬಂತು. ಗಾಳಿ ಇರಲಿಲ್ಲ.

ಹಳೇನಗರದ ಜಮ್ಶೀದ್ ಆರು ಗಂಟೆಗೆಲ್ಲ ಟೆಂಪೊಗೆ ಬಾಕ್ಸುಗಳನ್ನೂ ಕೇಬಲ್ಲುಗಳನ್ನೂ ಏರಿಸಿ, ಹಗ್ಗ ಬಿಗಿದು, ಚಹಾ ಕುಡಿಯಲು ಒಳಗೆ ಬಂದ. ಅವನಿಗೆ ನಲವತ್ತೊಂಬತ್ತು ವರ್ಷ. ಬಿ.ಕಾಂ. ಓದಿ ತಂದೆಯ ಅಂಗಡಿಯಲ್ಲೇ ಕುಳಿತವನು. ಸಭೆ, ಸಂಗೀತ, ನಾಟಕಗಳಿಗೆ ಧ್ವನಿವರ್ಧಕ ಒದಗಿಸುವುದು ಕಸುಬು. ಅಂದು ಹತ್ತೂವರೆಗೆ ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಕಲ್ಯಾಣಮಂಟಪದಲ್ಲಿ ಸುಮನಾ ಅವರ ವಚನ ಗಾಯನವಿತ್ತು. ನಾಲ್ಕು ತಿಂಗಳ ಮೌನದ ಬಳಿಕ ಅವರು ಮೊದಲ ಬಾರಿಗೆ ವೇದಿಕೆ ಏರುವವರಿದ್ದರು.

ಹೆಂಡತಿ ಆಯೆಷಾ ಲೋಟವನ್ನು ಅವನ ಮುಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ಅವರಿಗೆ ಹೇಳಿದ್ರಾ?"

"ಯಾರಿಗೆ?"

"ನಕ್ಕೋ ಜೀ, ನನ್ನ ಮುಂದೆ ನಾಟಕ ಬೇಡ. ಹಾಡೋ ಮೇಡಂಗೆ. ನಿಮ್ಮ ಕಿವಿ ವಿಷಯ."

"ಪ್ರೋಗ್ರಾಂ ಒಂದು ಮುಗೀಲಿ."

"ಮುಗಿದ ಮೇಲೆ ಹೇಳೋಕೆ ಅದೇನು, ಊಟ ಚೆನ್ನಾಗಿತ್ತು ಅನ್ನೋ ಮಾತಾ?"

ಜಮ್ಶೀದ್ ಚಹಾ ಮುಗಿಸಿ ಲೋಟ ಕೆಳಗಿಟ್ಟ.

ಕಿವಿಯ ವಿಷಯ ತಿಳಿದದ್ದು ಆಗಸ್ಟಿನಲ್ಲಿ. ಮಗಳು ಸನಾಗೆ ಜ್ವರ ಬಂದಿತ್ತು. ಅವಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಅದು ಬೀಪ್ ಎನ್ನಲೆಂದು ಜಮ್ಶೀದ್ ಕಾದು ಕುಳಿತಿದ್ದ. ಅಡುಗೆಮನೆಯಿಂದ ಆಯೆಷಾ ಬಂದು, "ಅದು ಕೂಗಿ ಎಷ್ಟೊತ್ತಾಯ್ತು, ಇನ್ನೂ ಹಿಡ್ಕೊಂಡೇ ಕೂತಿದೀರಲ್ಲ" ಎಂದಳು. ಅಡುಗೆಮನೆಗೆ ಕೇಳಿಸಿದ್ದು ಒಂದು ಗೇಣು ದೂರದಲ್ಲಿದ್ದ ಅವನಿಗೆ ಕೇಳಿಸಿರಲಿಲ್ಲ. ಅಂದು ರಾತ್ರಿಯೇ ಒಬ್ಬನೇ ಅಂಗಡಿಗೆ ಹೋಗಿ, ಯಂತ್ರದಿಂದ ಒಂದೊಂದೇ ಸ್ವರ ಹೊರಡಿಸಿ ಪರೀಕ್ಷಿಸಿಕೊಂಡ. ಕೆಳಗಿನವು, ನಡುವಿನವು ಎಲ್ಲ ಸರಿಯಾಗಿದ್ದವು. ಮೇಲೇರುತ್ತಾ ಒಂದು ಹಂತದಲ್ಲಿ ಸ್ವರ ನಿಂತುಹೋಯಿತು. ಯಂತ್ರದ ಮುಳ್ಳು ಮಾತ್ರ ಅಲುಗುತ್ತಲೇ ಇತ್ತು. ಇಪ್ಪತ್ತು ವರ್ಷ ಗಣಪತಿ ಮೆರವಣಿಗೆಗಳಲ್ಲಿ ಆಳೆತ್ತರದ ಬಾಕ್ಸುಗಳ ಪಕ್ಕ ನಡೆದದ್ದಕ್ಕೆ ಸಿಕ್ಕ ಕೂಲಿ ಅದು.

ಆಮೇಲೆ ಅವನು ಕಣ್ಣಿನಿಂದ ಕೇಳುವುದನ್ನು ಕಲಿತ. ಮೊಬೈಲಿನ ಒಂದು ಆ್ಯಪ್ ಸಭಾಂಗಣದ ಧ್ವನಿಯನ್ನು ಹಸಿರು ಪಟ್ಟಿಗಳಾಗಿ ತೋರಿಸುತ್ತಿತ್ತು. ಎಡಕ್ಕೆ ತಗ್ಗಿನ ಧ್ವನಿ, ಬಲಕ್ಕೆ ತೀಕ್ಷ್ಣ ಧ್ವನಿ. ಬಲತುದಿಯ ಪಟ್ಟಿಗಳು ಎದ್ದರೆ ಸಕಾರ ಚುಚ್ಚುತ್ತಿದೆ ಎಂದರ್ಥ. ಮಲಗಿದರೆ ಧ್ವನಿ ಮಬ್ಬಾಗಿದೆ ಎಂದರ್ಥ. ಮೂರು ತಿಂಗಳಲ್ಲಿ ಹನ್ನೊಂದು ಕಾರ್ಯಕ್ರಮ ಹೀಗೆಯೇ ನಡೆದವು. ಯಾರೂ ಏನೂ ಅನ್ನಲಿಲ್ಲ. ಇಬ್ಬರು ಹೊಗಳಿದ್ದೂ ಉಂಟು.

ಆದರೆ ಸುಮನಾ ಅವರ ಕಾರ್ಯಕ್ರಮದ ಮಾತೇ ಬೇರೆ. ಜುಲೈಯಲ್ಲಿ ಅವರ ಗಂಟಲಿನ ಶಸ್ತ್ರಚಿಕಿತ್ಸೆ ಆಗಿತ್ತು. ಅಕ್ಟೋಬರಿನಲ್ಲಿ ತಾವೇ ಫೋನು ಮಾಡಿ ಬಿಡಿಸಿ ಹೇಳಿದ್ದರು: "ನಾನು ಒತ್ತಿ ಹಾಡೋ ಹಾಗಿಲ್ಲ ಜಮ್ಶೀದ್ ಅವರೇ. ಇನ್ನೊಂದು ಸಲ ಪೆಟ್ಟು ಬಿದ್ರೆ ಧ್ವನಿ ವಾಪಸ್ ಬರೋ ಖಾತ್ರಿ ಇಲ್ಲ ಅಂತ ಡಾಕ್ಟರ್ ಹೇಳಿದಾರೆ. ನನ್ನ ಧ್ವನಿ ನನಗೆ ಕೇಳಿಸ್ತಿದ್ರೆ ನಾನು ಒತ್ತಲ್ಲ. ಕೇಳಿಸದೆ ಹೋದ್ರೆ ನನಗೇ ಗೊತ್ತಿಲ್ಲದ ಹಾಗೆ ಒತ್ತಿಬಿಡ್ತೀನಿ. ಅದಕ್ಕೇ ನೀವೇ ಬೇಕು ಅಂದಿದ್ದು." ಅದೇ ಫೋನಿನಲ್ಲಿ ಅವನೂ ಹೇಳಬಹುದಿತ್ತು. "ಆಗ್ಲಿ ಮೇಡಂ" ಎಂದಷ್ಟೇ ಹೇಳಿದ.

ಏಳೂ ಮುಕ್ಕಾಲಿಗೆ ಟೆಂಪೊ ಸವಳಂಗ ರಸ್ತೆ ತಲುಪಿತು. ಮಂಟಪ ಉದ್ದನೆಯದು, ಗೋಡೆಗೂ ನೆಲಕ್ಕೂ ಟೈಲ್ಸ್. ಮದುವೆಯ ಗದ್ದಲಕ್ಕೆ ಹೇಳಿ ಕಟ್ಟಿಸಿದಂಥದ್ದು, ಒಂದು ಚಪ್ಪಾಳೆ ತಟ್ಟಿದರೆ ನಾಲ್ಕು ಹಿಂದಿರುಗುತ್ತಿದ್ದವು. ಜಮ್ಶೀದ್ ವೇದಿಕೆಯ ಎರಡು ಬದಿಗೂ ಬಾಕ್ಸುಗಳನ್ನು ನಿಲ್ಲಿಸಿದ. ಹಾಲಿನ ನಡುಭಾಗದ ಕಂಬಗಳಿಗೆ ಇನ್ನೊಂದಿಷ್ಟು ಸಣ್ಣ ಬಾಕ್ಸುಗಳನ್ನು ಕಟ್ಟಿಸಿದ. ಅವನ ಅಂಗಡಿಯಲ್ಲಿ ಇವಕ್ಕೆ ಮುಂದಿನ ಸಾಲು, ಹಿಂದಿನ ಸಾಲು ಎಂದು ಹೆಸರು. ತಂದೆ ಗುಲಾಮ್ ಮೊಹಿದ್ದೀನ್ ಕಂಬದಿಂದ ಕಂಬಕ್ಕೆ ಹಾರ್ನುಗಳನ್ನು ಕಟ್ಟಿಸುತ್ತಿದ್ದ ಕಾಲದಿಂದ ನಡೆದುಬಂದ ಮಾತು. ಬಾಕ್ಸಿಗೆ ಎಷ್ಟು ಹೊಸ ಇಂಗ್ಲಿಷ್ ಹೆಸರು ಬಂದರೂ ಅದು ಸಾಲೇ. ಆರಿಸುವುದಕ್ಕೆ ‘ಸಾಲು ತೆಗೆಯುವುದು’ ಎಂದೇ ಅನ್ನುತ್ತಿದ್ದರು. ಕೊನೆಗೆ, ಗಾಯಕಿ ಕೂರುವ ಜಾಗದ ಎದುರಿಗೆ, ಅವರ ಕಡೆಗೇ ಮುಖಮಾಡಿ ಒಂದು ಗಿಡ್ಡ ಕರಿ ಬಾಕ್ಸು. ಅದು ಮಾನಿಟರ್. ಹಾಡುವವರಿಗೆ ತಮ್ಮ ಧ್ವನಿ ಕೇಳಿಸುವುದು ಅದರಿಂದ. ಅಂದಿನ ಮಟ್ಟಿಗೆ ಉಳಿದದ್ದೆಲ್ಲ ಒಂದು ತೂಕ, ಆ ಬಾಕ್ಸೇ ಒಂದು ತೂಕ.

ವೇದಿಕೆಯ ಬದಿಯಲ್ಲಿ ನಿಲ್ಲುವವನು ಪರಶುರಾಮ. ನ್ಯೂಟೌನಿನವನು, ವಯಸ್ಸು ಐವತ್ತನಾಲ್ಕು, ಮನೆಮಾತು ತೆಲುಗು. ಕಾರ್ಖಾನೆಯ ಗುತ್ತಿಗೆ ಕೆಲಸ ಹೋದ ಮೇಲೆ ಹದಿನಾರು ವರ್ಷದಿಂದ ಜಮ್ಶೀದನ ಜೊತೆಗಿದ್ದಾನೆ. ಇಬ್ಬರ ಕೈಯಲ್ಲೂ ವಾಕಿಟಾಕಿ. ನಿಯಮ ಒಂದೇ: ಹಾಡು ನಡೆಯುವಾಗ ಜಮ್ಶೀದ್ ಒಪ್ಪಿಗೆ ಕೊಡದೆ ಯಾರೂ ವೇದಿಕೆ ಹತ್ತಕೂಡದು. ಪರಶುರಾಮ ಇದುವರೆಗೆ ಅದನ್ನು ಒಮ್ಮೆಯೂ ಮೀರಿಲ್ಲ.

ಸುಮನಾ ಒಂಬತ್ತಕ್ಕೆ ಬಂದರು. ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದರು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ‘ಹಲೋ ಹಲೋ’ ಎಂದರೆ ಮೈಕಿನ ಗುಣ ತಿಳಿಯುವುದಿಲ್ಲ ಎಂಬುದು ಜಮ್ಶೀದನ ಅಭಿಪ್ರಾಯ. ಅವನ ಪರೀಕ್ಷೆಗೆ ಮೂರು ಊರು ಬೇಕು. ಶಿವಮೊಗ್ಗ ಎಂದರೆ ಶಕಾರ ಎಷ್ಟು ಸೀಟಿ ಹೊಡೆಯುತ್ತದೆಂದು ಗೊತ್ತಾಗುತ್ತದೆ. ಭದ್ರಾವತಿ ಎಂದರೆ ಉಸಿರು ಮೈಕಿಗೆ ಬಡಿಯುತ್ತದೋ ಇಲ್ಲವೋ ತಿಳಿಯುತ್ತದೆ. ಕುಂಸಿ ಎಂದರೆ ಮೂಗಿನ ಧ್ವನಿ, ಸಕಾರ ಎರಡೂ ಒಟ್ಟಿಗೆ ಸಿಗುತ್ತವೆ. ಮೈಕಿನ ಎತ್ತರ ನೋಡಲು ಮೊದಲು ಪರಶುರಾಮ ಕುಳಿತು, "ಸಿವಮೊಗ್ಗ, ಬದ್ರಾವತಿ, ಕುಂಸಿ" ಎಂದ.

"ಸಿವಮೊಗ್ಗ ಅಲ್ಲ ಮಾರಾಯ, ಶಿವಮೊಗ್ಗ," ಎಂದರು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದ ಹಾಲಸ್ವಾಮಿ. ಅವರು ಕಾರ್ಯಕ್ರಮ ಏರ್ಪಡಿಸಿದ್ದ ಸಂಗೀತ ಸಭಾದ ಅಧ್ಯಕ್ಷರು, ಅಡಿಕೆ ಮಂಡಿಯವರು. "ಊರಿಗೆ ಶಿವ ಬೇಡ್ವಾ?"

"ಸಿವ ಒಳಗಿದ್ರೆ ಸಾಕು ಸ್ವಾಮಿ, ಬಾಯಾಗೆ ಯಾಕೆ," ಎಂದು ಪರಶುರಾಮ ಎದ್ದ. ಸುಮನಾ ನಕ್ಕರು. ಬಳಿಕ ಅವರು ಮೆಲ್ಲಗೆ ಮೂರು ಊರಿನ ಹೆಸರನ್ನೂ ಹೇಳಿ, ಒಂದು ಆಲಾಪ ಹಾಡಿದರು. ಹಾಲಿನ ಹಿಂಭಾಗದಲ್ಲಿ, ಧ್ವನಿ ಹೊಂದಿಸುವ ಮಿಕ್ಸರಿನ ಮುಂದೆ ಕುಳಿತ ಜಮ್ಶೀದ್ ಹಸಿರು ಪಟ್ಟಿಗಳನ್ನು ನೋಡುತ್ತಾ ಗುಂಡಿಗಳನ್ನು ತಿರುಗಿಸಿದ. ಹಿಂದಿನ ಸಾಲಿನ ಧ್ವನಿ ಗೋಡೆಗೆ ಬಡಿದು ತುಸು ತಡವಾಗಿ ವೇದಿಕೆಗೆ ಬರುತ್ತಿದೆ ಎಂದು ಸುಮನಾ ಹೇಳಿದಾಗ ಅದನ್ನು ಎರಡು ಕೂದಲೆಳೆಯಷ್ಟು ಇಳಿಸಿದ. "ಈಗ ಸರಿ. ನನ್ನ ಬಾಕ್ಸಲ್ಲಿ ತುಂಬಾ ಚೆನ್ನಾಗಿ ಕೇಳಿಸ್ತಿದೆ," ಎಂದರು ಅವರು.

ಹತ್ತೂ ಮುಕ್ಕಾಲಿಗೆ ಗಾಯನ ಶುರುವಾಯಿತು. ಐದುನೂರು ಕುರ್ಚಿಗಳಲ್ಲಿ ಬರಿದಾದವು ಹತ್ತೂ ಇರಲಿಲ್ಲ. ಮೊದಲ ನಲವತ್ತು ನಿಮಿಷ ಜಮ್ಶೀದನಿಗೆ ಯಾವ ದೂರೂ ಇರಲಿಲ್ಲ. ಸುಮನಾ ಧ್ವನಿಯನ್ನು ಅಂಗೈಯಲ್ಲಿ ನೀರು ಹಿಡಿದಂತೆ ಹಿಡಿದು ಹಾಡಿದರು. ಏರಿಸಬೇಕಾದಲ್ಲಿ ಅವರು ಏರಿಸಲಿಲ್ಲ, ಅವರ ಪರವಾಗಿ ಇವನು ಬೆರಳಿನಿಂದ ಏರಿಸಿದ.

ಆಮೇಲೆ ಸನ್ಮಾನ. ಅದನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ಜಮ್ಶೀದ್ ಮುಂಚೆಯೇ ಕೇಳಿಕೊಂಡಿದ್ದ. ಹಾಲಸ್ವಾಮಿ ಒಪ್ಪಿರಲಿಲ್ಲ, ಕೊನೆಗೆ ಜನ ಊಟದೆಲೆ ಹುಡುಕಿಕೊಂಡು ಎದ್ದುಬಿಡುತ್ತಾರೆ, ಖಾಲಿ ಕುರ್ಚಿಗೆ ಸನ್ಮಾನ ಮಾಡಿದ ಹಾಗಾಗುತ್ತದೆ ಎಂಬುದು ಅವರ ವಾದ. ಅವರು ಸುಮನಾ ಅವರಿಗೆ ದಪ್ಪನೆಯ ಉಣ್ಣೆಯ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸೆಕೆಗೆ ಸುಮನಾ ಶಾಲು ತೆಗೆದಾಗ ಹಾಲಸ್ವಾಮಿಯೇ ಅದನ್ನು ಮರ್ಯಾದೆಯಿಂದ ಇಸಿದುಕೊಂಡು, ಎದುರಿಗಿದ್ದ ಗಿಡ್ಡ ಕರಿ ಬಾಕ್ಸಿನ ಮೇಲೆ ಹರಡಿ, ಮೇಲೆ ಬುಟ್ಟಿಯನ್ನೂ ಹಾರವನ್ನೂ ಇಟ್ಟು ಇಳಿದರು. ಅವರ ಕಣ್ಣಿಗೆ ಅದೊಂದು ಸ್ಟೂಲು. ಶಾಲಿನ ಮಡಿಕೆ ಬಾಕ್ಸಿನ ಮುಖದ ಮೇಲೆ ಪರದೆಯಂತೆ ಇಳಿಬಿದ್ದಿತ್ತು. ಹಿಂಭಾಗದ ಮಿಕ್ಸರಿನಿಂದ ಕಾಣುತ್ತಿದ್ದುದು ಬಾಕ್ಸಿನ ಬೆನ್ನು ಮತ್ತು ಹೂವು ಮಾತ್ರ.

ಹಾಡು ಮತ್ತೆ ಶುರುವಾಯಿತು. ವಚನದ ಎರಡನೆಯ ಸಾಲಿಗೇ ಸುಮನಾ ಹುಬ್ಬು ಗಂಟಿಕ್ಕಿದ್ದು ಅಷ್ಟು ದೂರದಿಂದಲೂ ಜಮ್ಶೀದನಿಗೆ ಕಂಡಿತು. ಪಟ್ಟಿಗಳು ಸರಿಯಾಗಿದ್ದವು, ಮೊಬೈಲು ಹಾಲಿನ ಧ್ವನಿಯನ್ನು ತೋರಿಸುತ್ತಿತ್ತೇ ಹೊರತು ವೇದಿಕೆಯದನ್ನಲ್ಲ. ಆಗ ವಾಕಿಟಾಕಿ ಗುರುಗುಟ್ಟಿತು.

"ಜಮ್ಶೀದ್ ಭಾಯ್, ಮೇಡಂಗೆ ಕೇಳಿಸ್ತಿಲ್ಲ. ಸಾಲು ತೆಗೀಬೇಕು. ತೆಗೀಲಾ?"

ಅವನಿಗೆ ಕೇಳಿಸಿದ್ದು ಹಾಗೆ. ಹಿಂದಿನ ಸಾಲಿನ ಪ್ರತಿಧ್ವನಿ ಮತ್ತೆ ತೊಂದರೆ ಕೊಡುತ್ತಿರಬೇಕು ಎಂದು ಅವನಿಗೆ ಆ ಕ್ಷಣದಲ್ಲೇ ಹೊಳೆಯಿತು. ಬೆಳಿಗ್ಗೆ ಮೇಡಂ ಹೇಳಿದ್ದೂ ಅದನ್ನೇ ತಾನೆ. "ನೀನು ಅಲ್ಲೇ ಇರು, ನಾನೇ ತೆಗೀತೀನಿ," ಎಂದು ಹಿಂದಿನ ಸಾಲಿನ ಧ್ವನಿ ಏರಿಳಿಸುವ ಫೇಡರನ್ನು ಪೂರ್ತಿ ಕೆಳಗೆಳೆದ.

ಹಿಂದೆ ಕುಳಿತವರಿಗೆ ಧ್ವನಿ ನಿಂತುಹೋಯಿತು. ಕುರ್ಚಿಗಳು ಸರಿದವು. ಕೆಲವರು ಕಿವಿಗೆ ಅಂಗೈ ಆನಿಸಿ ಮುಂದೆ ಬಾಗಿದರು. ಒಬ್ಬ ಎದ್ದು ನಿಂತು ಕೈಯೆತ್ತಿ ಸನ್ನೆ ಮಾಡಿದ. ವೇದಿಕೆಗೆ ಅಷ್ಟಿಷ್ಟು ಹಿಂದಿರುಗುತ್ತಿದ್ದ ಧ್ವನಿಯೂ ಈಗ ಇಲ್ಲವಾಯಿತು. ಸುಮನಾ ಅವರ ಎದುರಿಗಿದ್ದುದು ಕಂಬಳಿ ಹೊದ್ದವರ ಮಾತಿನಂಥ ಒಂದು ಗೊಗ್ಗರು ಸದ್ದು, ಮತ್ತು ಕೇಳಿಸುತ್ತಿಲ್ಲ ಎಂದು ಕೈಯಾಡಿಸುವ ಜನ. ತಮ್ಮ ಗಂಟಲೇ ಕೈಕೊಟ್ಟಿತೆಂದು ಅವರು ತಿಳಿದರು. ಒತ್ತಿ ಹಾಡತೊಡಗಿದರು.

ಕೊರಳಿನ ನರ ಬಿಗಿದದ್ದನ್ನು ಜಮ್ಶೀದ್ ಕಂಡ. ಅವರ ಮೈಕನ್ನು ಏರಿಸಿದ, ಮಾನಿಟರನ್ನೂ ಏರಿಸಿದ. ಸದ್ದು ದಪ್ಪವಾಯಿತೇ ವಿನಾ ತಿಳಿಯಾಗಲಿಲ್ಲ. ಅವರು ಇನ್ನೂ ಒತ್ತಿದರು.

"ಏನ್ ಸಾಬ್ರೇ, ಹಿಂದೆ ಒಂದಕ್ಷರ ಕೇಳಿಸ್ತಿಲ್ವಲ್ಲ ಮಾರಾಯ್ರೆ," ಎಂದು ಹಾಲಸ್ವಾಮಿ ಅವನ ಬೆನ್ನ ಹಿಂದೆ ಬಂದು ನಿಂತರು. "ನಮ್ಮ ಬೀಗರನ್ನ ಅಲ್ಲೇ ಕೂರಿಸಿದೀನಿ."

"ಒಂದು ನಿಮಿಷ ಸ್ವಾಮಿ."

"ಒಂದು ನಿಮಿಷ ಅಂದ್ರೆ? ಆಯಮ್ಮ ಕಿರುಚೋ ಹಂಗಾಯ್ತಲ್ಲ."

ಜಮ್ಶೀದ್ ವಾಕಿಟಾಕಿ ಒತ್ತಿದ. "ಪರಶುರಾಮಣ್ಣ, ಸಾಲು ತೆಗೆದಾಯ್ತು. ಇನ್ನೇನು?"

"ಎಲ್ಲಿ ತೆಗ್ದೆ ಭಾಯ್? ಇಲ್ಲೇ ಇದೆಯಲ್ಲ. ಸಾಲು, ಸಾಲು."

ಅದೇ ಪದ. ಅವನು ವಾಕಿಟಾಕಿಯನ್ನು ಎಡಗಿವಿಗೆ ಬದಲಿಸಿದ, ಅದೇ ಪದವೇ. ವೇದಿಕೆಯಲ್ಲಿ ಯಾವ ಸಾಲಿದೆ? ಮುಂದಿನ ಸಾಲೇ? ಅದನ್ನೂ ತೆಗೆದರೆ ಹಾಲೆಲ್ಲ ಸ್ಮಶಾನ. ಬೆರಳು ಆ ಫೇಡರಿನ ಮೇಲೆ ಬಂದು ನಿಂತಿತ್ತು. ಅಷ್ಟರಲ್ಲಿ ಸುಮನಾ ಮೇಲಿನ ಷಡ್ಜಕ್ಕೆ ಕೈಚಾಚಿದರು. ಧ್ವನಿ ಅಲ್ಲಿಗೆ ಮುಟ್ಟಿ, ಒಣಗಿದ ಸೌದೆಯ ಹಾಗೆ ಸೀಳಿತು. ಇದು ಅವನಿಗೆ ಚೆನ್ನಾಗಿಯೇ ಕೇಳಿಸಿತು.

ಅವನು ತಲೆಯೆತ್ತಿ ನೋಡಿದ. ವೇದಿಕೆಯ ಪರದೆಯ ಮರೆಯಿಂದ ಪರಶುರಾಮ ಅರ್ಧ ಹೊರಗೆ ಬಂದು, ವಾಕಿಟಾಕಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಇಲ್ಲದ ಬಟ್ಟೆಯೊಂದನ್ನು ತನ್ನ ಹೆಗಲಿಗೆ ಹೊದಿಸಿಕೊಳ್ಳುತ್ತಿದ್ದ. ಒಮ್ಮೆ ಹೊದ್ದ, ತೆಗೆದ. ಮತ್ತೆ ಹೊದ್ದ, ತೆಗೆದ. ಆಮೇಲೆ ಕರಿ ಬಾಕ್ಸಿನ ಕಡೆ ಬೆರಳು ತೋರಿದ.

ಜಮ್ಶೀದ್ ಎದ್ದುನಿಂತು ಕೈಯೆತ್ತಿ ಒಪ್ಪಿಗೆ ಕೊಟ್ಟ. ಪರಶುರಾಮ ಬಗ್ಗಿ ಮೂರು ಹೆಜ್ಜೆಯಲ್ಲಿ ವೇದಿಕೆ ದಾಟಿ, ಬುಟ್ಟಿ, ಹಾರ, ಶಾಲು ಎಲ್ಲವನ್ನೂ ಒಂದೇ ತಬ್ಬಿಗೆ ಎತ್ತಿಕೊಂಡು ಮರೆಯಾದ. ಮುಚ್ಚಿದ್ದು ತೆರೆದ ಕೂಡಲೇ ಏರಿಸಿಟ್ಟ ಮಾನಿಟರು ಕೂಗಬಹುದೆಂದು ಜಮ್ಶೀದ್ ಅದನ್ನು ಆಗಲೇ ಇಳಿಸಿದ್ದ. ಬಳಿಕ ಹಿಂದಿನ ಸಾಲನ್ನು ಹಾಲು ಉಕ್ಕದಂತೆ ನೋಡಿಕೊಳ್ಳುವವರ ಹಾಗೆ ನಿಧಾನವಾಗಿ ಮೇಲೆ ತಂದ. ಸುಮನಾ ಹಾಡು ನಿಲ್ಲಿಸಿ, ಬಿಸಿನೀರು ಗುಟುಕರಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ ಕುಳಿತರು. ಉಳಿದ ಇಪ್ಪತ್ತು ನಿಮಿಷವನ್ನು ಅವರು ಕೆಳಗಿನ ಸ್ವರಗಳಲ್ಲೇ ಹಾಡಿ ಮುಗಿಸಿದರು. ಚಪ್ಪಾಳೆ ಬಹಳ ಹೊತ್ತು ಬಂತು. ಜಮ್ಶೀದ್ ಮೊಬೈಲನ್ನು ಬೋರಲು ಹಾಕಿದ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಹಾಲಸ್ವಾಮಿಗೆ ವಿಷಯ ತಿಳಿಯಲು ಎರಡು ನಿಮಿಷ ಸಾಕಾಯಿತು.

"ಅಂದ್ರೆ ಇವನು ಶಾಲು ಅನ್ನೋಕೆ ಸಾಲು ಅಂದಿದಾನೆ. ಸಾಬ್ರು ಸಾಲು ಆರಿಸಿದಾರೆ." ಅವರು ಹೊಟ್ಟೆ ಹಿಡಿದು ನಕ್ಕರು. "ಶಿವಮೊಗ್ಗನೇ ಸಿವಮೊಗ್ಗ ಆಗೋ ಬಾಯಲ್ಲಿ ಶಾಲು ಇನ್ನೇನಾಗುತ್ತೆ? ಅದಿರ್ಲಿ ಸಾಬ್ರೇ, ತಮಾಷೆ ಬೇರೆ, ಕೆಲಸ ಬೇರೆ. ಮುಂದಿನ ಸಲ ಇವನನ್ನ ಕರ್ಕೊಂಡು ಬರ್ಬೇಡಿ. ನಾಲಿಗೆ ನೆಟ್ಟಗಿರೋರನ್ನ ತನ್ನಿ."

ಪರಶುರಾಮನೂ ಅಭ್ಯಾಸದಂತೆ ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಬಲ್ ಸುತ್ತುವುದಕ್ಕೆ ಕುಳಿತ. "ನಂದೇ ತಪ್ಪು ಬಿಡಿ ಸ್ವಾಮಿ," ಎಂದ.

ಅಲ್ಲಿಗೆ ಎಲ್ಲ ಮುಗಿಯಬಹುದಿತ್ತು. ವಾಕಿಟಾಕಿಯಲ್ಲಿ ಯಾರ ಶಕಾರವೂ ನೆಟ್ಟಗೆ ಬರುವುದಿಲ್ಲ ಎಂಬ ಇನ್ನೊಂದು ನೆವವೂ ಜಮ್ಶೀದನ ಬಾಯಿಯ ತುದಿಗೆ ಬಂದಿತ್ತು, ಅದು ಸುಳ್ಳೂ ಅಲ್ಲ. ಸುಮನಾ ಕೊರಳಿಗೆ ಮಫ್ಲರ್ ಸುತ್ತಿಕೊಳ್ಳುತ್ತಾ ಎಲ್ಲವನ್ನೂ ಕೇಳುತ್ತಿದ್ದರು.

ಜಮ್ಶೀದ್ ಗೋಡೆಯ ಕಡೆ ಮುಖ ಮಾಡಿ ನಿಂತ. "ಪರಶುರಾಮಣ್ಣ, ಆ ಎರಡು ಪದ ಹೇಳು. ಮೊದಲು ಹೊದೆಯೋದು, ಆಮೇಲೆ ನಮ್ಮ ಬಾಕ್ಸಿಂದು. ಎಷ್ಟಾಗುತ್ತೋ ಅಷ್ಟು ಸರಿಯಾಗಿ."

"ಈಗ ಯಾಕೆ ಭಾಯ್?"

"ಹೇಳು."

ಪರಶುರಾಮ ಶಾಲೆಯ ಹುಡುಗನಂತೆ ನಿಧಾನವಾಗಿ ಹೇಳಿದ. ಬೆನ್ನ ಹಿಂದಿನಿಂದ ಜಮ್ಶೀದನಿಗೆ ಬಂದದ್ದು ಒಂದೇ ಪದ, ಎರಡು ಸಲ.

"ಒಂದೇ ಥರ ಅಂದ್ಯಲ್ಲ."

ಅವನು ತಿರುಗಿದಾಗ ಹಾಲಸ್ವಾಮಿ ಅವನನ್ನೇ ದಿಟ್ಟಿಸುತ್ತಿದ್ದರು. "ಇಲ್ಲ ಸಾಬ್ರೇ," ಎಂದರು, ದನಿ ತಗ್ಗಿಸಿ. "ಈ ಸಲ ಸರಿಯಾಗೇ ಅಂದ. ಎರಡೂ ಬೇರೆ ಬೇರೆ."

ಹಾಡಿನ ನಡುವೆ ಪರಶುರಾಮ ಹೇಗೆ ಅಂದಿದ್ದನೋ, ಅದನ್ನು ಇನ್ನು ಯಾರೂ ತೀರ್ಮಾನಿಸುವಂತಿರಲಿಲ್ಲ. ಜಮ್ಶೀದ್ ಸುಮನಾ ಅವರ ಎದುರಿಗೆ ಬಂದು ನಿಂತ.

"ಮೇಡಂ, ಪರಶುರಾಮಣ್ಣ ಹೆಂಗಂದಿದ್ರೂ ನನಗೆ ಹಂಗೇ ಕೇಳಿಸ್ತಿತ್ತು. ಆಗಸ್ಟಿಂದ ನನಗೆ ಮೇಲಿನ ಧ್ವನಿ ಕೇಳಿಸ್ತಿಲ್ಲ. ಫೋನಿನ ಪಟ್ಟಿ ನೋಡ್ಕೊಂಡು ಕೆಲಸ ಮಾಡ್ತಿದೀನಿ. ನಿಮಗೆ ಹೇಳ್ಲಿಲ್ಲ."

ಸುಮನಾ ಮಾತಾಡಿದಾಗ ಧ್ವನಿ ಒಡೆದಿತ್ತು, ಪಿಸುಮಾತಿಗಿಂತ ತುಸು ಮೇಲಿತ್ತು.

"ನನ್ನ ಗಂಟಲ ವಿಷಯ ನಾನು ನಿಮಗೆ ಮುಂಚೆನೇ ಹೇಳಿದ್ದೆ."

"ಹೌದು ಮೇಡಂ."

"ನಾನು ಹೇಳ್ದೆ ಇದ್ದಿದ್ರೆ ನೀವು ಕೆಲಸ ಹೇಗೆ ಮಾಡ್ತಿದ್ರಿ?"

ಅವರು ಫ್ಲಾಸ್ಕು ಎತ್ತಿಕೊಂಡು ಹೊರಟರು. ಬಾಗಿಲಲ್ಲಿ ನಿಂತು, ಇನ್ನು ಮಾತಾಡಲಾರೆ ಎಂಬಂತೆ ಕೊರಳು ಮುಟ್ಟಿಕೊಂಡು, ಕಾರಿನ ಕಡೆ ನಡೆದರು.

ಸೋಮವಾರ ಹನ್ನೊಂದಕ್ಕೆ ಅವರಿಂದ ಮೊಬೈಲಿಗೆ ಸಂದೇಶ ಬಂತು. ಗಂಟಲು ಊದಿದೆ, ಹರಿದಿಲ್ಲ. ಆರು ವಾರ ಮೌನ. ಜನವರಿಯವರೆಗಿನ ಎರಡು ಕಾರ್ಯಕ್ರಮ ರದ್ದು. ಆಮೇಲಿನದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಆಗ ಜಮ್ಶೀದ್ ಆಯೆಷಾಳೊಂದಿಗೆ ಶಿವಮೊಗ್ಗದ ಒಂದು ಕಿವಿ ಪರೀಕ್ಷಾ ಕೇಂದ್ರದ ಬೆಂಚಿನ ಮೇಲೆ ಕುಳಿತಿದ್ದ. ಸಂದೇಶವನ್ನು ಅವಳಿಗೆ ತೋರಿಸಿದ. ಅವಳು ಎರಡು ಸಲ ಓದಿ ಫೋನನ್ನು ಹಿಂದಿರುಗಿಸಿದಳು.

"ಹರಿದಿಲ್ಲವಂತಲ್ಲ. ಬಚಾವ್," ಎಂದಳು. "ಡಿಸೆಂಬರ್ ಬುಕಿಂಗ್ ಎಷ್ಟಿವೆ?"

"ಮೂರು."

"ಒಳಗೆ ಕರೆಯೋಕೆ ಇನ್ನೂ ಹೊತ್ತಿದೆ. ಈಗಲೇ ಫೋನ್ ಮಾಡಿ."

ಅವನು ಒಬ್ಬೊಬ್ಬರಿಗೇ ಫೋನು ಮಾಡಿ ಹೇಳಿದ: ಬಾಕ್ಸು, ಮೈಕು ನನ್ನವು, ಕಟ್ಟುವವನೂ ನಾನೇ, ಆದರೆ ಮಿಕ್ಸರಿಗೆ ಬೇರೆ ಕಿವಿ ಗೊತ್ತುಮಾಡಿಕೊಳ್ಳಿ, ಪರಶುರಾಮಣ್ಣ ಜೊತೆಗಿರುತ್ತಾನೆ. ನಾಟಕದವರು ಒಪ್ಪಿದರು. ಕಾಲೇಜಿನವರು ನೋಡಿ ಹೇಳುತ್ತೇವೆ ಎಂದರು. ಮೂರನೆಯವರು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಬೇಡ ಎಂದರು. ಅಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕೂಗಿದರು. ಆಯೆಷಾ ಅವನ ತೋಳು ಮುಟ್ಟಿ ಎಬ್ಬಿಸಿದಳು.

ಜಮ್ಶೀದ್ ಅಂದು ರಾತ್ರಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡ ಎರಡು ದಿನದ ಖರ್ಚು: ಟೆಂಪೊ ಡೀಸೆಲ್ ಆರುನೂರು, ಬಾಕ್ಸು ಇಳಿಸಿ ಏರಿಸಿದ ಹಮಾಲಿ ಎಂಟುನೂರು, ತಿಂಡಿ, ಚಹಾ ಇನ್ನೂರ ನಲವತ್ತು, ವಾಕಿಟಾಕಿಯ ಬ್ಯಾಟರಿ ನೂರ ಎಂಬತ್ತು, ಸೋಮವಾರದ ಸರ್ಕಾರಿ ಬಸ್ಸು, ಹೋಗಿಬರಲು ಒಬ್ಬನಿಗೆ ಅರುವತ್ತು, ಹೆಂಗಸರಿಗೆ ಉಚಿತವಾದ್ದರಿಂದ ಆಯೆಷಾಗೆ ಟಿಕೆಟಿನ ಹಣವಿಲ್ಲ, ಕಿವಿ ಪರೀಕ್ಷೆ ಏಳುನೂರು. ಒಟ್ಟು ಎರಡು ಸಾವಿರದ ಐನೂರ ಎಂಬತ್ತು ರೂಪಾಯಿ.